ಹಕ್ಕಿಯಿಲ್ಲದ ಹಳ್ಳ

ಖರೌಲಿ ಎಂಬ ಬೆಟ್ಟದೂರಿನಲ್ಲಿ, ಚಿನ್ನದಂಥ ಬೆಲೆಯ ಗುಚ್ಛಿ ಅಣಬೆ ಎಲ್ಲಿ ಸಿಕ್ಕಿತು ಎಂದು ಕೇಳುವುದು ಮರ್ಯಾದೆ. ಅದಕ್ಕೆ ಸುಳ್ಳು ಹೇಳುವುದು ಇನ್ನೂ ದೊಡ್ಡ ಮರ್ಯಾದೆ. ಏಪ್ರಿಲ್‌ನಲ್ಲಿ ಹಿಮ ಕರಗಿ, ಎರಡು ಮೂರು ಸಲ ಗುಡುಗಿ, ಕಾಡಿನ ನೆಲ ಬೆಚ್ಚಗಾಯಿತೆಂದರೆ ಊರಿಗೆ ಊರೇ ಬೆನ್ನಿಗೆ ಕಿಲ್ಟಾ ಬುಟ್ಟಿ ಏರಿಸಿಕೊಂಡು ಬೆಟ್ಟ ಹತ್ತುತ್ತದೆ. ಸಂಜೆ ಇಳಿಯುವಾಗ ಎದುರಾದವರು "ಯಾವ ಕಡೆ ಹೋಗಿದ್ಯೋ?" ಎನ್ನುತ್ತಾರೆ. ಮೇಲೆ ಹೋಗಿದ್ದವನು ಕೆಳಕ್ಕೆ ಕೈ ತೋರಿಸುತ್ತಾನೆ, ಮೂಡಣಕ್ಕೆ ಹೋಗಿದ್ದವನು ಪಡುವಣಕ್ಕೆ. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು. ಹೌದೌದು ಎಂದು ತಲೆಯಾಡಿಸಿ ಮುಂದೆ ಹೋಗುತ್ತಾನೆ. ಪ್ರತಿ ಮನೆಗೂ ಒಂದು ಜಾಗ. ಮಂಡಿ ಸೋತ ಮೇಲೆ ಹಿರಿಯರು ಆ ಜಾಗವನ್ನು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ಹೆಂಡತಿಗೆ ಹೇಳದ ಗಂಡಂದಿರಿದ್ದಾರೆ, ಗಂಡನಿಗೆ ಹೇಳದೆ ಸತ್ತ ಹೆಂಡತಿಯರಿದ್ದಾರೆ. ಕಾಡಿನಲ್ಲಿ ತಪ್ಪಿ ಬೇರೆಯವರ ಜಾಗಕ್ಕೆ ಬಂದುಬಿಟ್ಟರೆ ಮುಖ ತಿರುಗಿಸಿಕೊಂಡು ವಾಪಸಾಗಬೇಕು. ಕಂಡದ್ದನ್ನು ಕಾಣಲಿಲ್ಲ ಎನ್ನಬೇಕು. ಇಷ್ಟು ತಿಳಿಯದವನನ್ನು ಆ ಊರಲ್ಲಿ ಮನುಷ್ಯ ಎಂದು ಎಣಿಸುವುದಿಲ್ಲ.

ದಿಲೇ ರಾಮ್‌ಗೆ ಇದೆಲ್ಲ ಚೆನ್ನಾಗಿ ತಿಳಿದಿತ್ತು. ಅವನ ಪಾಲಿನದು ರಖಾಲಿ ಹಳ್ಳ. ಅವನ ತಾಯಿ ಸಾಯುವ ಮುಂಚಿನ ವರ್ಷ, ಅವನ ಹೆಗಲು ಹಿಡಿದು ಏದುಸಿರು ಬಿಡುತ್ತ ಹತ್ತಿ ತೋರಿಸಿದ ಜಾಗ. ಬಿದಿರು ಹಿಂಡಲಿನ ಹಿಂದೆ, ಹಳೇ ಓಕ್ ಮರಗಳ ಬುಡದಲ್ಲಿ, ಒಳ್ಳೆಯ ವರ್ಷವಾದರೆ ಒಂದೇ ಬೆಳಗ್ಗೆಗೆ ಅರ್ಧ ಕಿಲ್ಟಾ ತುಂಬುತ್ತಿತ್ತು. ಮಗಳ ಶಾಲೆ, ಹೆಂಡತಿ ಕೇಸರಿಯ ಔಷಧಿ, ಚಳಿಗಾಲದ ಅಕ್ಕಿ ಎಲ್ಲವೂ ಅಲ್ಲಿಂದಲೇ.

ಉಳಿದ ದಿನಗಳಲ್ಲಿ ಅವನು ಹಕ್ಕಿ ಹಿಂದೆ ಓಡಾಡುವ ಕೆಲಸದವನು. ದೆಹರಾಡೂನಿನಿಂದ ಶರ್ವರಿ ಎಂಬ ಮೇಡಂ ಜುಜುರಾಣಾ ಎಂಬ ಕಾಡುಕೋಳಿ ಜಾತಿಯ ಹಕ್ಕಿಯ ಮೇಲೆ ಸಂಶೋಧನೆ ಮಾಡಲು ಬಂದು ಎರಡು ವರ್ಷವಾಗಿತ್ತು. ಲೋಕದ ಹಕ್ಕಿಗಳಿಂದೆಲ್ಲ ಒಂದೊಂದು ಗರಿ ತೆಗೆದು ದೇವರು ಮಾಡಿದ ರಾಜ ಅದು ಎಂದು ಊರಿನವರು ಹೇಳುತ್ತಾರೆ. ಪುಸ್ತಕದವರು ಇಡೀ ಜಗತ್ತಿನಲ್ಲಿ ಉಳಿದಿರುವುದು ಕೆಲವೇ ಸಾವಿರ ಎನ್ನುತ್ತಾರೆ. ಆ ಹಕ್ಕಿ ಚಳಿಗೆ ಎಲ್ಲಿಗೆ ಇಳಿಯುತ್ತದೆ, ಬೇಸಿಗೆಗೆ ಎಲ್ಲಿಗೆ ಏರುತ್ತದೆ, ಎಂಥ ಮರದಡಿ ಮೇಯುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಇದಿಷ್ಟು ಮೇಡಂಗೆ ಬೇಕಿತ್ತು. ಉರುಳು ಹಾಕಿ ನೋವಾಗದಂತೆ ಹಿಡಿದು, ಕುತ್ತಿಗೆಗೆ ಇಪ್ಪತ್ತು ಗ್ರಾಂ ತೂಕದ ರೇಡಿಯೋ ಪಟ್ಟಿ ಕಟ್ಟಿ ಬಿಡುವುದು. ಆಮೇಲೆ ಮೂರು ದಿಬ್ಬಗಳ ಮೇಲಿನ ಮೂರು ಗುರುತಿನ ಕಲ್ಲುಗಳಿಗೆ ಒಂದಾದ ಮೇಲೊಂದು ಹತ್ತಿ, ಆಂಟೆನಾ ತಿರುಗಿಸಿ, ಟಕ್ ಟಕ್ ಸದ್ದು ಎತ್ತ ಜೋರಾಗಿ ಕೇಳುತ್ತದೋ ಅತ್ತ ದಿಕ್ಸೂಚಿ ಹಿಡಿದು ಡಿಗ್ರಿ ಬರೆದುಕೊಳ್ಳುವುದು. ನಕ್ಷೆಯ ಮೇಲೆ ಮೂರು ಗೆರೆ ಎಳೆದರೆ ಅವು ಕೂಡುವ ಕಡೆ ಹಕ್ಕಿ.

ಆ ಮಾರ್ಚ್‌ನಲ್ಲಿ ಎರಡು ಹಕ್ಕಿಗಳಿಗೆ ಪಟ್ಟಿ ಕಟ್ಟಿದರು. ನದಿಯಾಚೆಯ ಹುಂಜವನ್ನು ಮೇಡಂ ತಾವೇ ನೋಡಿಕೊಳ್ಳುತ್ತೇನೆಂದರು. ಈಚೆಯ ಹೇಂಟೆ ದಿಲೇ ರಾಮ್‌ನ ಪಾಲಿಗೆ ಬಂತು. ಅವನು ಅದಕ್ಕೆ ರಾಣಿ ಎಂದು ಹೆಸರಿಟ್ಟ.

ಅಕ್ಕ ನೋಖಿಗೆ ಈ ಕೆಲಸವೇ ಒಂದು ತಮಾಷೆ. ಅವಳನ್ನು ಕೊಟ್ಟದ್ದು ಬೆಟ್ಟದ ಆ ಮಗ್ಗುಲಿನ ಬಾಗೀಧಾರ್‌ಗೆ. ಗಂಡ ಹಿಮಕುಸಿತಕ್ಕೆ ಸಿಕ್ಕಿ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ತಿಂಗಳಿಗೊಮ್ಮೆ ಬೆಟ್ಟ ದಾಟಿ ಬಂದು ತಮ್ಮನ ಮನೆಯಲ್ಲಿ ಎರಡು ದಿನ ಇದ್ದು, ಕೇಸರಿಯಿಂದ ಅತ್ತಿಗೆಯ ಗೌರವವನ್ನು ಪೂರ್ತಿ ವಸೂಲು ಮಾಡಿಕೊಂಡು ಹೋಗುತ್ತಿದ್ದಳು.

"ಏನೋ ದಿಲೂ, ಬಟ್ಟೆ ಒಣಗಿಸೋ ತಂತಿ ಎತ್ಕೊಂಡು ಬೆಟ್ಟ ಬೆಟ್ಟ ತಿರುಗ್ತೀಯಂತೆ? ಬಾಗೀಧಾರ್‌ನಲ್ಲಿ ಎಲ್ರೂ ನಗ್ತಾರೆ. ನೋಖೀ, ನಿನ್ನ ತಮ್ಮ ಕೋಳಿಗೆ ಫೋನ್ ಮಾಡ್ತಾನಂತೆ ಅಂತ."

"ನಗ್ಲಿ ಬಿಡು ದೀದಿ. ತಿಂಗಳ ತಿಂಗಳ ಸಂಬಳ ಬರತ್ತಲ್ಲ."

"ಕೋಳಿ ಫೋನ್ ಎತ್ತತ್ತಾ?"

"ಎತ್ತತ್ತೆ. ನಿನ್ನ ಥರ ಬೈಯಲ್ಲ ಅಷ್ಟೆ."

ಅವಳು ಹಬೆಯಲ್ಲಿ ಬೆಂದ ಬಿಸಿ ಸಿಡ್ಡು ರೊಟ್ಟಿ ಮುರಿದು ತುಪ್ಪದಲ್ಲಿ ಅದ್ದುತ್ತ ನಕ್ಕಳು. ಹೊರಡುವಾಗ ಸೆರಗಿನ ಗಂಟಿನಿಂದ ಒಂದು ಹಿಡಿ ಒಣಗಿಸಿದ ಗುಚ್ಛಿ ತೆಗೆದು ಅವನ ಮಗಳ ಕೈಗೆ ಹಾಕಿದಳು. "ಕೆಮ್ಮಿಗೆ ಒಳ್ಳೇದು. ಹಾಲಲ್ಲಿ ಕುದಿಸಿ ಕೊಡಕ್ಕೆ ನಿಮ್ಮಮ್ಮನಿಗೆ ಹೇಳು."

"ಎಲ್ಲಿಂದ ತಂದೆ ದೀದಿ?" ದಿಲೇ ರಾಮ್ ಮರ್ಯಾದೆಗೆ ಕೇಳಿದ.

"ಅಲ್ಲೇ, ಕೆಳಗಡೆ ದೇವದಾರು ತೋಪಲ್ಲಿ," ಎಂದು ನೋಖಿಯೂ ಮರ್ಯಾದೆಯಿಂದಲೇ ಹೇಳಿದಳು.

ಏಪ್ರಿಲ್ ಹದಿನೇಳರವರೆಗೆ ದಿಲೇ ರಾಮ್‌ನ ನೋಟ್‌ಬುಕ್ಕಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ರಾಣಿ ಹಿಮದ ಅಂಚು ಹಿಡಿದು ದಿನಕ್ಕಿಷ್ಟು ಎಂದು ಮೇಲೇರುತ್ತಿದ್ದಳು. ಅವನು ಹಿಂದೆ ಹಿಂದೆಯೇ ಹೋಗಿ ಇದ್ದದ್ದನ್ನು ಇದ್ದಹಾಗೆ ಬರೆಯುತ್ತಿದ್ದ. ಆ ಬೆಳಗ್ಗೆ ಮೊದಲ ಕಲ್ಲಿನ ಹತ್ತಿರ ನಿಂತು ಆಂಟೆನಾ ತಿರುಗಿಸಿದರೆ ಸದ್ದು ರಖಾಲಿ ಹಳ್ಳದಿಂದ ಬರುತ್ತಿತ್ತು. ಬಂಡೆಗೆ ಬಡಿದು ಬಂದಿರಬೇಕು ಎಂದುಕೊಂಡು ಎರಡನೇ ಕಲ್ಲಿಗೆ ಹೋದ. ಅಲ್ಲೂ ಅದೇ. ಮೂರನೇ ಕಲ್ಲಿನಿಂದಂತೂ, ಅವನ ತಾಯಿ ತೋರಿಸಿದ ಓಕ್ ಮರಗಳ ಬುಡದಿಂದಲೇ ಯಾರೋ ನಾಲಗೆ ಲೊಚಗುಟ್ಟಿದ ಹಾಗೆ ಟಕ್ ಟಕ್ ಎಂದು ಕೇಳಿಸಿತು.

ಇಷ್ಟು ದೊಡ್ಡ ಕಾಡಿನಲ್ಲಿ ಆ ಹಕ್ಕಿಗೆ ಬೇರೆ ಜಾಗ ಸಿಗಲಿಲ್ಲವೇ? ಸಿಗಲಿಲ್ಲ. ಹದಿನೈದು ವರ್ಷದಿಂದ ಒಬ್ಬನೇ ಮನುಷ್ಯ, ಅದೂ ಕಳ್ಳಹೆಜ್ಜೆಯಲ್ಲಿ, ವರ್ಷಕ್ಕೆ ಹತ್ತು ದಿನ ಓಡಾಡುವ ಹಳ್ಳ. ಮರ ಕಡಿಯುವವರಿಲ್ಲ, ಕುರಿ ಬಿಡುವವರಿಲ್ಲ. ನಾಚಿಕೆ ಸ್ವಭಾವದ ಹಕ್ಕಿ ಇನ್ನೆಲ್ಲಿಗೆ ಹೋದೀತು?

ಅವನು ಕಲ್ಲಿನ ಮೇಲೆ ಕೂತು ಯೋಚಿಸಿದ. ಬರೆದರೆ ಮೇಡಂ ಚುಕ್ಕೆ ಇಡುತ್ತಾರೆ. ದಿನಕ್ಕೆ ಮೂರು ಚುಕ್ಕೆ, ಎರಡು ತಿಂಗಳು. ನಕ್ಷೆ ಅರಣ್ಯ ಕಚೇರಿಯ ಗೋಡೆಗೆ ಹೋಗುತ್ತದೆ. ಗಾರ್ಡುಗಳು ನೋಡುತ್ತಾರೆ, ಅವರ ಭಾವಮೈದುನರು ನೋಡುತ್ತಾರೆ, ಗುಚ್ಛಿ ವ್ಯಾಪಾರಿಗಳು ನೋಡುತ್ತಾರೆ. ತಾಯಿ ಕಣ್ಣು ಮುಚ್ಚುವ ಮುಂಚೆ ಅವನ ಕೈ ಹಿಡಿದು ಹೇಳಿದ್ದು ಒಂದೇ ಮಾತು: ಬಾಯಿ ಬಿಡಬೇಡ. ಅವನು ಎದ್ದು, ಕಾಡಿನಿಂದ ಇಳಿಯುವಾಗ ಎಲ್ಲರೂ ಮಾಡುವುದನ್ನೇ ಮಾಡಿದ. ಆಂಟೆನಾವನ್ನು ಒಂದು ಗೇಣು ಪಕ್ಕಕ್ಕೆ ತಿರುಗಿಸಿ, ದಿಬ್ಬದಾಚೆಯ ಢಾಂಕ್ ಹಳ್ಳಕ್ಕೆ ಗುರಿಯಿಟ್ಟು, ದಿಕ್ಸೂಚಿ ನೋಡಿ, ಪ್ರಾಮಾಣಿಕವಾಗಿ ಡಿಗ್ರಿ ಬರೆದುಕೊಂಡ.

ಢಾಂಕ್ ಎಂದರೆ ಕಡಿದಾದ ಬಂಡೆ. ಕುರಿಯೂ ಹೋಗಲು ಹೆದರುವ ಆ ಹಳ್ಳದಲ್ಲಿ ಯಾರಿಗೂ ಏನೂ ಇಲ್ಲವೆಂದು ಅವನು ತಿಳಿದಿದ್ದ. ಯಾರೂ ಅದರ ಹೆಸರೆತ್ತಿದ್ದನ್ನು ಅವನು ಕೇಳಿರಲಿಲ್ಲ. ಹೆಸರೆತ್ತದ ಜಾಗ ಎಂದರೆ ಏನರ್ಥ ಎಂದು ಖರೌಲಿಯ ಮಗುವಿಗೂ ಗೊತ್ತಿರಬೇಕಿತ್ತು. ಆದರೆ ತನ್ನ ಬುಟ್ಟಿ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಇರುವವನಿಗೆ ಇನ್ನೊಬ್ಬರ ಬುಟ್ಟಿ ಎಲ್ಲಿ ನೆನಪಾಗುತ್ತದೆ?

ಮಳೆ ಸುರಿದ ದಿನಗಳನ್ನು ಬಿಟ್ಟು ನಲವತ್ತೊಂದು ದಿನ ಹಾಗೆಯೇ ಬರೆದ. ಸುಳ್ಳಿಗೂ ಒಂದು ಶ್ರದ್ಧೆ ಬೇಕು, ಅದು ಅವನಲ್ಲಿತ್ತು. ರಾಣಿ ರಖಾಲಿಯಲ್ಲಿ ನೂರು ಹೆಜ್ಜೆ ಮೇಲೆ ಹೋದರೆ ಢಾಂಕ್‌ನಲ್ಲೂ ಅವಳನ್ನು ನೂರು ಹೆಜ್ಜೆ ಮೇಲೆ ಕಳಿಸುತ್ತಿದ್ದ. ಮೇ ತಿಂಗಳಲ್ಲಿ ಅವಳು ಓಕ್ ಮರದ ಕವಲಿನಲ್ಲಿ ಗೂಡಿಗೆ ಕೂತಳು. ಅವನು ಅಣಬೆ ಆರಿಸಲು ಹೋದಾಗ ತಲೆ ಎತ್ತಿದರೆ ಕಂದು ಬಣ್ಣದ ಬಾಲದ ತುದಿ ಕಾಣುತ್ತಿತ್ತು. ಅವನು ಉಸಿರು ಹಿಡಿದು, ಮರದ ಬುಡದ ಅಣಬೆಗಳನ್ನು ಅಲ್ಲೇ ಬಿಟ್ಟು ಹಿಂದೆ ಸರಿಯುತ್ತಿದ್ದ. ಆ ಹಕ್ಕಿಯ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತೆ.

ಶರ್ವರಿ ಮೇಡಂ ಅವನ ಗೆರೆಗಳನ್ನು ನೋಡಿ ಬೆರಗಾದರು. "ದಿಲೇ ರಾಮ್ ಜೀ, ನನ್ನ ಹುಂಜದ ಮೂರು ಗೆರೆ ಯಾವತ್ತೂ ಒಂದು ಕಡೆ ಸೇರಲ್ಲ. ಬೆಟ್ಟಕ್ಕೆ ಬಡಿದು ಸದ್ದು ಎಲ್ಲೆಲ್ಲಿಂದಲೋ ಬರತ್ತೆ. ಮಧ್ಯದಲ್ಲಿ ಒಂದು ಹೊಲದಷ್ಟು ದೊಡ್ಡ ತ್ರಿಕೋನ ಉಳಿಯತ್ತೆ. ನಿಮ್ಮದು ನೋಡಿ, ಸೂಜಿಮೊನೆ! ಎಂಥ ಕೈ ನಿಮ್ಮದು!"

"ಅಭ್ಯಾಸ ಮೇಡಂ ಜೀ," ಎಂದ ಅವನು.

ಜೂನ್ ಒಂಬತ್ತರಂದು ಸದ್ದು ಬದಲಾಯಿತು. ಹಕ್ಕಿ ಅಲುಗಾಡದೆ ಬಹಳ ಹೊತ್ತು ಬಿದ್ದಿದ್ದರೆ ಪಟ್ಟಿ ಎರಡು ಪಟ್ಟು ವೇಗದಲ್ಲಿ ಬಡಿದುಕೊಳ್ಳುತ್ತದೆ. ದಿಲೇ ರಾಮ್ ಬಿದ್ದು ಎದ್ದು ರಖಾಲಿಗೆ ಓಡಿದ. ಓಕ್ ಮರದ ಕೆಳಗೆ ಗರಿಗಳು ಚೆಲ್ಲಿದ್ದವು, ಮೊಟ್ಟೆಯ ಚಿಪ್ಪು ಒಡೆದು ಬಿದ್ದಿತ್ತು. ಪಟ್ಟಿಯ ಮೇಲೆ ಸಣ್ಣ ಚೂಪು ಹಲ್ಲಿನ ಗುರುತು. ಮರ ಹತ್ತುವ ಕಾಡುಮುಂಗುಸಿಯಂಥ ಪ್ರಾಣಿಯ ಕೆಲಸ. ಯಾರ ತಪ್ಪೂ ಅಲ್ಲ. ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅತ್ತ. ಅತ್ತು ಮುಗಿದ ಮೇಲೆ, ಪಟ್ಟಿ ಇಲ್ಲಿ ಸಿಕ್ಕಿತೆಂದು ಹೇಳುವಂತಿಲ್ಲವಲ್ಲ ಎಂಬುದು ನೆನಪಾಯಿತು.

ಪಟ್ಟಿಯನ್ನೂ ಎರಡು ಹಿಡಿ ಗರಿಗಳನ್ನೂ ಕಿಲ್ಟಾದೊಳಗೆ ಹಾಕಿಕೊಂಡು ದಿಬ್ಬ ದಾಟಿ, ಜೀವಮಾನದಲ್ಲಿ ಮೊದಲ ಸಲ ಢಾಂಕ್ ಹಳ್ಳಕ್ಕೆ ಇಳಿದ. ಇಳಿಯಲು ಆಗದ ಜಾಗ ಎಂದುಕೊಂಡಿದ್ದವನಿಗೆ ಕಾಲಿಡಲು ಮೆಟ್ಟಿಲು ಸಿಕ್ಕಿತು. ಬಂಡೆಯ ಸಂದಿಗೆ ಚಪ್ಪಟೆ ಕಲ್ಲುಗಳನ್ನು ಯಾರೋ ಅಚ್ಚುಕಟ್ಟಾಗಿ ಕೂರಿಸಿದ್ದರು. ತೀರಾ ಕಡಿದಾದ ಕಡೆ ಬೇರಿಗೆ ಕಟ್ಟಿದ ಮೇಕೆಕೂದಲಿನ ಹಗ್ಗವೂ ಇತ್ತು. ಯಾರದೋ ಜಾಗ. ಹತ್ತಾರು ವರ್ಷ ಒಂಟಿಯಾಗಿ ಬಂದು ಹೋಗಿ ಮಾಡಿಕೊಂಡ ದಾರಿ. ಹಗ್ಗವನ್ನು ಒಂದು ನಿಮಿಷ ನೋಡಿದ್ದರೆ ಅದು ಯಾವ ಕೈ ಹೊಸೆದದ್ದು ಎಂದು ತಿಳಿಯುತ್ತಿತ್ತು. ಆದರೆ ಅವನು ಮರ್ಯಾದಸ್ಥ. ಮುಖ ತಿರುಗಿಸಿಕೊಂಡ. ಕಂಡದ್ದನ್ನು ಕಾಣಲಿಲ್ಲ ಎಂದುಕೊಂಡ. ಹಗ್ಗ ಹಿಡಿದೇ ಇಳಿದು, ಪೊದೆಯ ಬುಡದಲ್ಲಿ ಪಟ್ಟಿ ಇಟ್ಟು, ಗರಿ ಚೆಲ್ಲಿ ಬಂದ.

ಮರುದಿನ ಮೇಡಂ ಅವನ ಜೊತೆ ಇಳಿದು, ಪಟ್ಟಿಯನ್ನು ತಮ್ಮ ಕೈಯಾರೆ ಎತ್ತಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಅವರ ಕಣ್ಣು ಮೆಟ್ಟಿಲುಗಳ ಮೇಲೆ ಬಿತ್ತು. "ಇಲ್ಲಿ ಜನ ಓಡಾಡ್ತಾರಾ?"

"ಗೊತ್ತಿಲ್ಲ ಮೇಡಂ ಜೀ."

ಅವರು ಹಗ್ಗದ ಫೋಟೋ ತೆಗೆದರು, ಮೆಟ್ಟಿಲುಗಳದ್ದೂ ತೆಗೆದರು. ವರದಿಯಲ್ಲಿ ಬರೆದರು: ಅಪರೂಪದ ಹಕ್ಕಿ ಗೂಡು ಕಟ್ಟುವ ಜಾಗ; ಜನಸಂಚಾರದಿಂದ ತೊಂದರೆ; ಪೂರ್ತಿ ಮುಚ್ಚಬೇಕು.

ಸೇಬಿನ ಕೆಲಸವೆಲ್ಲ ಮುಗಿದ ಮೇಲೆ, ನವೆಂಬರ್‌ನಲ್ಲಿ ಖರೌಲಿ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಎರಡೂ ಊರಿನವರು ಬಂದಿದ್ದರು. ಅರಣ್ಯ ಇಲಾಖೆಯ ಸಾಹೇಬರು ನಕ್ಷೆ ಬಿಡಿಸಿ ಗೋಡೆಗೆ ಹೊಡೆಸಿದರು. ಢಾಂಕ್ ಹಳ್ಳದ ತುಂಬ ಕೆಂಪು ಚುಕ್ಕೆ, ಸಿಡುಬು ಎದ್ದ ಮೈಯ ಹಾಗೆ. ರಖಾಲಿ ಬೆಳ್ಳಗೆ ಖಾಲಿ.

"ಈ ಹಳ್ಳಕ್ಕೆ ಇನ್ನು ಮುಂದೆ ಯಾರೂ ಕಾಲಿಡೋ ಹಾಗಿಲ್ಲ," ಎಂದರು ಸಾಹೇಬರು. "ಆದ್ರೆ ಕಾನೂನು ಪ್ರಕಾರ ಕೇಳ್ತಾ ಇದೀನಿ. ಯಾರಿಗಾದ್ರೂ ಇಲ್ಲಿ ಹಕ್ಕು ಇದ್ರೆ, ಬಳಕೆ ಇದ್ರೆ, ಮೇಯಿಸೋದೋ ಗುಚ್ಛಿ ಆರಿಸೋದೋ, ಈಗ್ಲೇ ಎದ್ದು ಹೇಳಿ. ಬರ್ಕೋತೀವಿ. ಬೇರೆ ಏನಾದ್ರೂ ವ್ಯವಸ್ಥೆ ಮಾಡ್ತೀವಿ."

ಒಬ್ಬರೂ ಉಸಿರೆತ್ತಲಿಲ್ಲ. ಅಷ್ಟೂ ಜನರ ಮುಂದೆ ಎದ್ದು ನಿಂತು ನನ್ನ ಗುಚ್ಛಿ ಜಾಗ ಇಂಥದ್ದು ಎಂದು ಹೇಳುವವರು ಆ ಎರಡೂ ಊರಲ್ಲಿ ಇನ್ನೂ ಹುಟ್ಟಿಲ್ಲ. ಹೇಳಿದ ಮೇಲೆ ಆ ಜಾಗ ಉಳಿಯುತ್ತದೆಯೇ? ಸಾಹೇಬರಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ನೋಡು, ಯಾರಿಗೂ ಏನೂ ಇಲ್ಲ ಎಂದು ದಿಲೇ ರಾಮ್ ಸಮಾಧಾನದ ಉಸಿರು ಬಿಟ್ಟ.

ಅಷ್ಟರಲ್ಲಿ ಬಾಗೀಧಾರ್ ಹೆಂಗಸರ ಸಾಲಿನಿಂದ ಒಂದು ದನಿ ಬಂತು. ನೋಖಿ ಹೆಣೆಯುತ್ತಿದ್ದ ಉಣ್ಣೆಯ ಕಾಲುಚೀಲವನ್ನು ಮಡಿಲಲ್ಲಿಟ್ಟಿದ್ದಳು. "ಸಾಹೇಬ್ರೇ, ಹಕ್ಕಿ ಅಲ್ಲೇ ಇತ್ತು ಅಂತ ಯಾರು ಕಂಡಿದ್ದು?"

"ನಿಮ್ಮೋರೇ ಕಂಡಿದ್ದು ತಾಯಿ. ಇಗೋ, ದಿಲೇ ರಾಮ್."

ನೋಖಿ ತಮ್ಮನ ಕಡೆ ತಿರುಗಿದಳು. "ನೀನೇ ಕಂಡ್ಯೇನೋ?"

"ಹೂಂ ದೀದಿ. ನಾನೇ ಕಂಡೆ."

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ "ಹಂಗಾದ್ರೆ ಸರಿ" ಎಂದು ತಲೆ ತಗ್ಗಿಸಿ ಮತ್ತೆ ಹೆಣೆಯತೊಡಗಿದಳು. ಸುಮ್ಮನೆ ಮೂಗು ತೂರಿಸಿದಳು, ಅವಳ ಅಭ್ಯಾಸವೇ ಹಾಗೆ ಎಂದುಕೊಂಡ ದಿಲೇ ರಾಮ್. ಆ ಸಂಜೆ ಅವಳು ಅವನ ಮನೆಗೆ ಬರಲಿಲ್ಲ. ತಲೆನೋವು ಎಂದು ನೇರ ಬೆಟ್ಟ ಹತ್ತಿ ಹೋದಳು.

ಮತ್ತೆ ಏಪ್ರಿಲ್ ಬಂತು, ಗುಡುಗಿತು. ಢಾಂಕ್ ಹಳ್ಳದ ಬಾಯಲ್ಲಿ ಇಲಾಖೆಯವರು ಬೋರ್ಡ್ ನೆಟ್ಟಿದ್ದರು, ಮರಕ್ಕೆ ಕ್ಯಾಮೆರಾ ಕಟ್ಟಿದ್ದರು. ಮೇ ಮೂರರಂದು ಮಧ್ಯಾಹ್ನ ಕೇಸರಿ ಏದುಸಿರು ಬಿಡುತ್ತ ಹೊಲಕ್ಕೆ ಬಂದಳು.

"ಅತ್ತಿಗೇನ ಹಿಡ್ಕೊಂಡು ಹೋಗಿದಾರಂತೆ!"

"ಯಾವ ಅತ್ತಿಗೆ? ಯಾರು ಹಿಡ್ಕೊಂಡಿದ್ದು?"

"ನಿಮ್ಮಕ್ಕ ಕಣ್ರೀ! ಗಾರ್ಡುಗಳು. ಢಾಂಕ್ ಹಳ್ಳದಲ್ಲಿ ಇದ್ರಂತೆ, ಕಿಲ್ಟಾ ತುಂಬ ಗುಚ್ಛಿ. ಹೋದ ವರ್ಷ ಹಕ್ಕಿ ಸಾಯ್ಸಿದ್ದೂ ಇವ್ರೇ ಇರ್ಬೇಕು ಅಂತ ಕೇಸ್ ಹಾಕ್ತಾರಂತೆ."

ದಿಲೇ ರಾಮ್ ಗುದ್ದಲಿ ಕೆಳಗಿಟ್ಟ. ಕಲ್ಲಿನ ಮೆಟ್ಟಿಲು, ಮೇಕೆಕೂದಲಿನ ಹಗ್ಗ, "ನೀನೇ ಕಂಡ್ಯೇನೋ" ಎಂದ ದನಿ, ಎಲ್ಲವೂ ಒಟ್ಟಿಗೆ ಬಂದು ಅವನ ಎದೆಯ ಮೇಲೆ ಕೂತವು. ದೇವದಾರು ತೋಪಂತೆ! ಮಕ್ಕಳಿಲ್ಲದ ವಿಧವೆ, ಅಂಗೈಯಗಲದ ಹೊಲದವಳು, ಒಂಬತ್ತು ವರ್ಷ ಯಾರ ಮುಂದೆಯೂ ಕೈ ಚಾಚದೆ ಹೇಗೆ ಬದುಕಿದಳು ಎಂದು ತಾನು ಒಂದು ದಿನವಾದರೂ ಯೋಚಿಸಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆಗೆ ಅವಳನ್ನು ಬಿಟ್ಟರು. ಗುಚ್ಛಿಯನ್ನೂ ಕಿಲ್ಟಾವನ್ನೂ ಕುಡುಗೋಲನ್ನೂ ಇಟ್ಟುಕೊಂಡರು. ಅವಳು ಬೆನ್ನ ಮೇಲೆ ಬುಟ್ಟಿಯಿಲ್ಲದೆ ತಮ್ಮನ ಅಂಗಳಕ್ಕೆ ಬಂದು, ಒಳಗೆ ಬಾರದೆ ಕಲ್ಲುಕಟ್ಟೆಯ ಮೇಲೆ ಕೂತಳು.

"ಹದಿನಾಲ್ಕು ವರ್ಷದಿಂದ ಆ ಹಳ್ಳಕ್ಕೆ ಹೋಗ್ತಾ ಇದೀನಿ ದಿಲೂ. ಒಂದೇ ಒಂದು ದಿನ ಆ ಹಕ್ಕಿ ಕೂಗು ಅಲ್ಲಿ ಕೇಳಿಲ್ಲ. ಹೋದ ವರ್ಷಾನೂ ಇರ್ಲಿಲ್ಲ. ನೀನು ಕಂಡೆ ಅಂದ್ಯಲ್ಲ, ನನ್ನ ಕಿವೀನೇ ಕೆಟ್ಟಿರ್ಬೇಕು ಅಂದ್ಕೊಂಡೆ. ನಿನ್ನ ಯಂತ್ರ ಸುಳ್ಳು ಹೇಳತ್ತಾ?"

"ನಾಳೆ ಮೇಡಂ ಹತ್ರ ಮಾತಾಡ್ತೀನಿ ದೀದಿ," ಎಂದಷ್ಟೇ ಹೇಳಿದ.

"ಮಾತಾಡು. ಕುಡುಗೋಲಾದ್ರೂ ವಾಪಸ್ ಕೊಡ್ಸು. ಅವರದು ಅದು, ನಿಮ್ಮ ಭಾವಂದು."

ಮರುದಿನ ಬೆಳಗ್ಗೆ ಮೇಡಂನ ಕ್ಯಾಂಪಿಗೆ ಹೋಗಿ, ಅವರು ಕೊಟ್ಟ ಚಹಾ ಮುಟ್ಟದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಆಂಟೆನಾ ತಿರುಗಿಸಿದ್ದು, ನಲವತ್ತೊಂದು ದಿನ, ಪಟ್ಟಿ ಹೊತ್ತುಕೊಂಡು ಹೋಗಿ ಇಟ್ಟದ್ದು. ಗೂಡಿದ್ದ ಮರ ತೋರಿಸುತ್ತೇನೆ ಎಂದ. ಅಂದರೆ ರಖಾಲಿ ಹಳ್ಳದ ಹೆಸರನ್ನು ಬಾಯಿಬಿಟ್ಟು ಹೇಳಿದ. ಹಾಗೆ ಹೇಳುವಾಗ ತಾಯಿಯ ಮುಖ ನೆನಪಾಯಿತು.

ಶರ್ವರಿ ಮೇಡಂ ಕೆಟ್ಟವರಲ್ಲ. ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಅವರ ಬೆರಳು ನದಿಯಾಚೆಯ ಹುಂಜದ ದೊಡ್ಡ ದೊಡ್ಡ ಸೊಟ್ಟ ತ್ರಿಕೋನಗಳ ಮೇಲೆ ಹರಿದಾಡಿ, ಈಚೆಗೆ ಬಂದು, ಅವನ ಸೂಜಿಮೊನೆ ಚುಕ್ಕೆಗಳ ಮೇಲೆ ನಿಂತುಬಿಟ್ಟಿತು. ಬೆಟ್ಟಗಾಡಿನಲ್ಲಿ ನಿಜವಾದ ಮೂರು ಗೆರೆಗಳು ನಲವತ್ತೊಂದು ದಿನವೂ ಹಾಗೆ ಕೂಡುವುದು ಸಾಧ್ಯವೇ ಇಲ್ಲ. ಅವರಿಗೆ ಅದು ಆ ಕ್ಷಣದಲ್ಲಿ ತಿಳಿಯಿತು. ತಿಳಿದದ್ದನ್ನು ಅವನೂ ಕಂಡ. ಕಿವಿಯ ತುದಿಯವರೆಗೆ ಅವರ ಮುಖ ಕೆಂಪಾಯಿತು.

ಅವರು ನಕ್ಷೆಯನ್ನು ನಿಧಾನವಾಗಿ ಸುತ್ತಿದರು. "ದಿಲೇ ರಾಮ್ ಜೀ, ಅಕ್ಕನ ಮೇಲಿನ ಪ್ರೀತಿಗೆ ನೀವು ಹೀಗೆ ಹೇಳ್ತಿದ್ದೀರಿ. ನಂಗೆ ಅರ್ಥವಾಗತ್ತೆ."

"ಇಲ್ಲ ಮೇಡಂ ಜೀ. ದೇವರಾಣೆ."

"ಆ ಪಟ್ಟೀನ ನಾನೇ ನನ್ನ ಕೈಯಿಂದ ಎತ್ಕೊಂಡೆ."

"ಅದನ್ನ ಇಟ್ಟೋನು ನಾನು."

"ಹಾಗೆಲ್ಲ ಎಲ್ಲೂ ಹೇಳ್ಬೇಡಿ. ಹೇಳಿದ್ರೆ ನಿಮ್ಮ ಮೇಲೆ ಕೇಸಾಗತ್ತೆ. ವರದಿ ಹೋಗಿ ಆಗಿದೆ, ನನ್ನ ಪ್ರಬಂಧ ಪರೀಕ್ಷೆಗೆ ಹೋಗಿದೆ. ಮೂರು ವರ್ಷದ ಕೆಲಸ, ದಿಲೇ ರಾಮ್ ಜೀ. ನಿಮ್ಮಕ್ಕನ ದಂಡ ನಾನು ಕಟ್ತೀನಿ. ಹಕ್ಕಿ ಸಾಯ್ಸಿದ ಆರೋಪ ಬಿಡಿಸೋಕೂ ಪತ್ರ ಬರೀತೀನಿ. ಅಷ್ಟು ಮಾಡ್ತೀನಿ." ಅವರು ಅವನ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು.

ಓದಿದವರಿಗೂ ಒಂದೊಂದು ಗುಚ್ಛಿ ಜಾಗ ಇರುತ್ತದೆ, ಅವರೂ ಬಾಯಿ ಬಿಡುವುದಿಲ್ಲ ಎಂದು ದಿಲೇ ರಾಮ್‌ಗೆ ಅಂದು ತಿಳಿಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನಿಗೆ ಯಾವ ಮುಖವಿತ್ತು? ಕುಡುಗೋಲಿನ ವಿಷಯ ಕೇಳುವುದನ್ನೂ ಮರೆತು ಹೊರಗೆ ಬಂದ. ಅಲ್ಲಿಂದ ನೇರ ಅರಣ್ಯ ಕಚೇರಿಗೆ ಹೋಗಿ ಸಾಹೇಬರಿಗೂ ಅದನ್ನೇ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು ಗುಮಾಸ್ತನ ಕಡೆ ತಿರುಗಿ ನಕ್ಕರು. "ನೋಡ್ರೀ, ಅಕ್ಕನ್ನ ಬಿಡ್ಸೋಕೆ ಹಕ್ಕೀನೇ ಬೇರೆ ಹಳ್ಳಕ್ಕೆ ಹಾರಿಸ್ತಿದಾನೆ!"

ಮೂರನೇ ದಿನ ಅವನು ಬೆಟ್ಟ ದಾಟಿ ಬಾಗೀಧಾರ್‌ಗೆ ಹೋದ. ನೋಖಿ ಜಗಲಿಯಲ್ಲಿ ಕೂತು ಹಳೇ ಪಟ್ಟು ಕಂಬಳಿಗೆ ತೇಪೆ ಹಾಕುತ್ತಿದ್ದಳು. ಅವನು ಕೆಳಗೆ, ಅವಳ ಕಾಲ ಹತ್ತಿರ ಕೂತ. ಕೂತು, ತಲೆ ಎತ್ತದೆ, ಮೂರನೇ ಸಲ ಅದೇ ಕತೆಯನ್ನು ಮೊದಲಿಂದ ಹೇಳಿದ. ನಂಬಿದ್ದು ಅವಳೊಬ್ಬಳೇ.

ಸೂಜಿ ನಿಂತಿತು.

"ನನ್ನ ಜಾಗ ನಿಂಗೆ ಕೊಟ್ಟುಬಿಡ್ತೀನಿ ದೀದಿ," ಎಂದ ಅವನು. "ಅಮ್ಮ ತೋರಿಸಿದ್ದು. ಪೂರ್ತಿ ನೀನೇ ಇಟ್ಕೋ. ನಾಳೆನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಅದು ಇರೋದು..."

"ರಖಾಲಿಯಲ್ಲಿ," ಎಂದಳು ನೋಖಿ. "ಬಿದಿರು ಹಿಂಡ್ಲು ದಾಟಿ, ಏಳು ಓಕ್ ಮರ. ಒಂದಕ್ಕೆ ಸಿಡಿಲು ಹೊಡ್ದಿದೆ."

ಅವನು ತಲೆ ಎತ್ತಿದ.

"ಅಮ್ಮ ಮೊದ್ಲು ತೋರಿಸಿದ್ದು ನಂಗೆ ಕಣೋ. ಆಗ ನೀನು ಸ್ಕೂಲಿಗೆ ಹೋಗ್ತಿದ್ದೆ. ನಿನ್ನ ಮದ್ವೆ ಆದ್ಮೇಲೆ ಇಲ್ಲೀವರೆಗೂ ನಡ್ಕೊಂಡು ಬಂದ್ಲು. ಆ ಮಂಡಿ ಇಟ್ಕೊಂಡು. 'ನೋಖೀ, ಅವ್ನಿಗೆ ಸಂಸಾರ ಆಯ್ತು. ಅದನ್ನ ಅವ್ನಿಗೆ ಕೊಡ್ಲಾ?' ಅಂದ್ಲು. ಕೊಡು ಅಂದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ ನಾನು. ಬೇರೆ ಹುಡುಕ್ಬೇಕಾಯ್ತು. ಯಾರೂ ಹೋಗ್ದೇ ಇರೋದು ಅಂದ್ರೆ ಢಾಂಕ್ ಒಂದೇ. ಮೆಟ್ಲು ಕೂರ್ಸೋಕೆ ಎರಡು ವರ್ಷ ಹಿಡೀತು."

"ಹಂಗಾದ್ರೆ ಅದು ನಿಂದೇ ದೀದಿ. ವಾಪಸ್ ತಗೋ."

"ಕೊಟ್ಟಿದ್ದನ್ನ ಇಸ್ಕೊಳ್ಳೋಳಲ್ಲ ನಾನು." ದಾರ ಹಲ್ಲಲ್ಲಿ ಕಡಿದು ಪಟ್ಟು ಮಡಿಸಿದಳು. "ನಲವತ್ತೊಂದು ದಿನ ಬರ್ದೆ ಅಂದ್ಯಲ್ಲ. ಅದ್ರಲ್ಲಿ ಒಂದು ದಿನ ನನ್ನ ಕೇಳ್ಬಾರ್ದಿತ್ತಾ? ದೀದಿ, ಆ ಹಳ್ಳ ನಿಂದಾ ಅಂತ?"

ಅವನಿಗೆ ಹಿಡಿಯಲು ಉಳಿದಿದ್ದ ಹುಲ್ಲುಕಡ್ಡಿ ಒಂದೇ. ಅದನ್ನು ಹಿಡಿದ. "ಕೇಳಿದ್ರೆ ಹೇಳ್ತಿದ್ಯಾ? ಯಾರು ಹೇಳ್ತಾರೆ ದೀದಿ?"

"ನಿಂಗೆ ಹೇಳ್ತಿದ್ದೆ," ಎಂದಳು ನೋಖಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಂಗೆ ಇನ್ಯಾರಿದಾರೆ? ಈ ವರ್ಷ ನಿನ್ನ ಮಗಳನ್ನ ಕರ್ಕೊಂಡು ಹೋಗಿ ತೋರ್ಸೋಣ ಅಂತಿದ್ದೆ. ಹನ್ನೆರಡು ತುಂಬ್ತಲ್ಲ ಅವ್ಳಿಗೆ. ಕಾಲು ಗಟ್ಟಿಯಾಗಿದೆ."

ಕೆಳಗೆ ರಸ್ತೆ ಕೆಲಸದ ಮೇಸ್ತ್ರಿ ಸೀಟಿ ಊದಿದ. ಅವಳು ಎದ್ದು ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು. ಮೂಲೆಯಲ್ಲಿದ್ದ ಜಲ್ಲಿಯ ಬುಟ್ಟಿ ಎತ್ತಿಕೊಂಡು, ಒಲೆಯ ಹತ್ತಿರ ರೊಟ್ಟಿ ಇದೆ, ತಿಂದು ಹೋಗು ಎಂದು ಹೇಳಿ, ಮೆಟ್ಟಿಲಿಳಿದು ಕೂಲಿಗೆ ಹೋದಳು.